ಮನೆ ಬರಿದಾದದ್ದೇಕೆ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು—ಒಂದೇ ರೈಲುದಾರಿಯ ಈ ಮೂರು ಊರುಗಳಲ್ಲೊಂದರಲ್ಲಿ ನಡೆಯುವ ದೆವ್ವದ ಮನೆಯ ಕಥೆ ಬರೆಯಬೇಕೆಂದು ನನಗೆ ಬಹುದಿನದ ಆಸೆ. ಆದರೆ ಆರಂಭವೇ ಸಿಗಲೊಲ್ಲದು. ಹೂತಿಟ್ಟ ಹೊನ್ನು, ಬಾವಿಗೆ ಬಿದ್ದ ಸೊಸೆ—ಇವೆಲ್ಲ ಹಳಸಿದವು. ದೆವ್ವ ಹೊಗುವ ಮುಂಚೆ ಮನೆ ಬರಿದಾಗಬೇಕಷ್ಟೆ? ಅದು ಬರಿದಾದದ್ದೇಕೆ?

ಉತ್ತರ ಇತಿಹಾಸದಲ್ಲಿಯೇ ಇದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಧಾರವಾಡ ಜಿಲ್ಲೆಯನ್ನು ಹಿಂಡಿತು. ಈ ಊರುಗಳು ಆಗ ಅದೇ ಜಿಲ್ಲೆಯವು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇಲಿ ಸತ್ತು ಬಿತ್ತೆಂದರೆ ಊರು ಬಿಡುವುದು ಆ ಕಾಲದ ರೂಢಿ. ಜನ ಕದಕ್ಕೆ ಬೀಗವಿಕ್ಕಿ ಹೊಲದ ಗುಡಿಸಲು ಸೇರುತ್ತಿದ್ದರು. ಬಿಸಿಲು ಒಳಹೊಗಲೆಂದು ಮನೆಯ ಛಾವಣಿ ತೆಗೆಸುತ್ತಿದ್ದುದೂ ಉಂಟು. ರೋಗ ಹೊರುವುದು ಇಲಿಯ ಚಿಗಟವೆಂದು ಸಿಮೊಂ ಎಂಬ ಫ್ರೆಂಚ್ ವೈದ್ಯ ಅದೇ ವರ್ಷ ಕರಾಚಿಯಲ್ಲಿ ತೋರಿಸಿದ. ಲೋಕ ಬಹುಕಾಲ ನಂಬಲಿಲ್ಲ. ಕೊಲ್ಲುವವನು ಕಾಣದಿದ್ದಾಗ ಮನೆಯೇ ಕೊಲೆಗಾರನಂತೆ ತೋರಿದ್ದರೆ ಸೋಜಿಗವೇನು?

ನನಗೆ ಆರಂಭ ಸಿಕ್ಕಿತು. ತಾಯೊಬ್ಬಳು ಬೀಗ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟಿಕ್ಕಿಕೊಂಡು, ಹೊಸ್ತಿಲಿಗೆ ಕೈಮುಗಿದು, “ಎಂಟು ದಿನದಾಗ ಬರ್ತೀನವ್ವಾ” ಎನ್ನುತ್ತಾಳೆ. ಬರುವುದಿಲ್ಲ. ಮುಂದೆ ಆ ಮನೆಯಲ್ಲಿ ಬಳೆಯ ಸಪ್ಪಳ ಕೇಳಿದವರು ದೆವ್ವವೆಂದು ಓಡಿದರೆ ಓಡಲಿ. ಓದುಗ ಮಾತ್ರ ಓಡಬಾರದು. ಆಡಿದ ಮಾತು ನಡೆಸಲು ಬಂದವಳು ಅವಳು.