ಮುಖ ತಿರುಗಿಸಿದ ಚಾಂಪಿಯನ್

ಓಟದ ಪಂದ್ಯದಲ್ಲಿ ಗೆದ್ದವರು ಯಾರೆಂದು ಗಡಿಯಾರ ಹೇಳುತ್ತದೆ. ಎತ್ತರ ಜಿಗಿತದಲ್ಲಿ ಅಡ್ಡಪಟ್ಟಿ ಬಿದ್ದರೆ ವಾದಕ್ಕೆ ಎಡೆಯೇ ಇಲ್ಲ. ಆದರೆ ಜಿಮ್ನಾಸ್ಟಿಕ್ಸ್‌ನಲ್ಲಿ ಸೋಲು ಗೆಲುವು ತೀರ್ಪುಗಾರರ ಪೆನ್ಸಿಲಿನ ತುದಿಯಲ್ಲಿರುತ್ತದೆ. ಅಂಕದ ಹತ್ತನೇ ಒಂದು ಭಾಗ ಅತ್ತಿತ್ತಾದರೂ ಪದಕದ ಬಣ್ಣ ಬದಲಾಗುತ್ತದೆ. ಅಮೆರಿಕ ಹಾಗೂ ಸೋವಿಯತ್ ಒಕ್ಕೂಟದ ನಡುವೆ ಶೀತಲ ಸಮರ ನಡೆಯುತ್ತಿದ್ದ ದಿನಗಳಲ್ಲಿ ಈ ಪೆನ್ಸಿಲಿನ ಮೇಲೆ ರಾಜಕೀಯದ ನೆರಳೂ ಬೀಳುತ್ತಿತ್ತು ಎಂಬ ಗುಮಾನಿ ಸದಾ ಇದ್ದೇ ಇತ್ತು. ಅಂಥ ಕಾಲದಲ್ಲಿ, ಅಂಥ ಕ್ರೀಡೆಯಲ್ಲಿ ಒಲಿಂಪಿಕ್ಸ್‌ನ ಏಳು ಸ್ವರ್ಣ ಪದಕಗಳನ್ನು ಗೆದ್ದವರು ಜೆಕೊಸ್ಲೊವಾಕಿಯಾದ ವೆರಾ ಚಾಸ್ಲಾವ್‌ಸ್ಕಾ. ಆ ಏಳೂ ವೈಯಕ್ತಿಕ ಪದಕಗಳು.

ವೆರಾ ಹುಟ್ಟಿದ್ದು 1942ರ ಮೇ 3ರಂದು, ಪ್ರಾಗ್ ನಗರದಲ್ಲಿ. ಆಗ ಆ ನಗರ ಹಿಟ್ಲರನ ಸೇನೆಯ ವಶದಲ್ಲಿತ್ತು. ಬಾಲ್ಯದಲ್ಲಿ ಆಕೆ ಕಲಿತದ್ದು ಹಿಮದ ಮೇಲಿನ ಫಿಗರ್ ಸ್ಕೇಟಿಂಗ್. ಜಿಮ್ನಾಸ್ಟಿಕ್ಸ್‌ಗೆ ಬಂದ ಮೇಲೆ ದೇಶದ ಆಗಿನ ಖ್ಯಾತ ಆಟಗಾರ್ತಿ ಎವಾ ಬೊಸಾಕೊವಾ ಅವರ ಮಾರ್ಗದರ್ಶನ ದೊರೆಯಿತು. 1958ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡದ ರಜತ ಪದಕದಲ್ಲಿ ಪಾಲು ಪಡೆದಾಗ ಆಕೆಗೆ ಹದಿನಾರು ವರ್ಷ. ಮರುವರ್ಷವೇ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಬ್ಯಾಲೆನ್ಸ್ ಬೀಮ್‌ನ ಸ್ವರ್ಣ ಪದಕ ಬಂತು.

ಮಹಿಳಾ ಜಿಮ್ನಾಸ್ಟಿಕ್ಸ್‌ನಲ್ಲಿ ನಾಲ್ಕು ವಿಭಾಗಗಳಿವೆ. ಓಡಿ ಬಂದು ಉಪಕರಣದ ಮೇಲೆ ಕೈಯೂರಿ ಹಾರುವುದು ವಾಲ್ಟ್. ಎತ್ತರದಲ್ಲಿ ಹೆಚ್ಚು ಕಡಿಮೆ ಇರುವ ಎರಡು ಅಡ್ಡಕಂಬಿಗಳ ನಡುವೆ ತೂಗಿ ಸುತ್ತುವುದು ಅನ್‌ಈವನ್ ಬಾರ್ಸ್. ಐದು ಮೀಟರ್ ಉದ್ದ, ಕೇವಲ ಹತ್ತು ಸೆಂಟಿಮೀಟರ್ ಅಗಲದ ತೊಲೆಯ ಮೇಲಿನ ಕಸರತ್ತು ಬ್ಯಾಲೆನ್ಸ್ ಬೀಮ್. ಸಂಗೀತಕ್ಕೆ ತಕ್ಕಂತೆ ಚೌಕಾಕಾರದ ನೆಲಹಾಸಿನ ಮೇಲೆ ನಡೆಯುವುದು ಫ್ಲೋರ್ ಎಕ್ಸರ್‌ಸೈಜ್. ನಾಲ್ಕನ್ನೂ ಕೂಡಿಸಿ ಕೊಡುವ ವೈಯಕ್ತಿಕ ಆಲ್‌ರೌಂಡ್ ಪ್ರಶಸ್ತಿಯೇ ಈ ಕ್ರೀಡೆಯ ಕಿರೀಟ. ಆ ದಿನಗಳಲ್ಲಿ ಪ್ರತಿ ವಿಭಾಗದಲ್ಲೂ ಎಲ್ಲರಿಗೂ ಒಂದೇ ಆದ ಕಡ್ಡಾಯ ಕಸರತ್ತು ಒಂದು, ಆಟಗಾರ್ತಿ ತಾನೇ ಹೆಣೆದ ಐಚ್ಛಿಕ ಕಸರತ್ತು ಇನ್ನೊಂದು ಇರುತ್ತಿತ್ತು. ಒಂದೊಂದಕ್ಕೂ ಗರಿಷ್ಠ ಹತ್ತು ಅಂಕ, ಒಟ್ಟು ಎಂಬತ್ತು.

ಆ ಕಿರೀಟ 1950ರ ದಶಕದಿಂದಲೂ ಸೋವಿಯತ್ ಒಕ್ಕೂಟದ ಸ್ವತ್ತು ಎಂಬಂತಾಗಿತ್ತು. 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಲರಿಸಾ ಲ್ಯಾಟಿನಿನಾ ಅದನ್ನು ಸತತವಾಗಿ ಗೆದ್ದಿದ್ದರು. 1962ರಲ್ಲಿ ಪ್ರಾಗ್‌ನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ವೆರಾ ಎರಡನೆಯವರಾಗಿ ಉಳಿದದ್ದು ಲ್ಯಾಟಿನಿನಾ ಅವರ ಹಿಂದೆಯೇ. ಎರಡು ವರ್ಷಗಳ ನಂತರ ಟೋಕಿಯೊದಲ್ಲಿ ಲೆಕ್ಕ ಬದಲಾಯಿತು. 1964ರ ಆ ಒಲಿಂಪಿಕ್ಸ್‌ನಲ್ಲಿ ಆಲ್‌ರೌಂಡ್, ವಾಲ್ಟ್ ಮತ್ತು ಬೀಮ್ ಮೂರರಲ್ಲೂ ವೆರಾ ಸ್ವರ್ಣ ಗೆದ್ದರು. ಜಪಾನಿನ ಜನ ಆಕೆಯನ್ನು ಮನೆಮಗಳಂತೆ ಕಂಡರು. ಆ ಅಭಿಮಾನ ಆಕೆಯ ಕೊನೆಗಾಲದವರೆಗೂ ಬತ್ತಲಿಲ್ಲ.

ಮುಂದಿನ ನಾಲ್ಕು ವರ್ಷ ಪ್ರಮುಖ ಕೂಟಗಳಲ್ಲಿ ಆಲ್‌ರೌಂಡ್ ಪ್ರಶಸ್ತಿಯನ್ನು ಆಕೆಯಿಂದ ಕಸಿಯಲು ಯಾರಿಂದಲೂ ಆಗಲಿಲ್ಲ. 1965 ಮತ್ತು 1967ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಇದ್ದ ಐದೈದು ಸ್ವರ್ಣ ಪದಕಗಳೂ ಆಕೆಯ ಪಾಲಾದವು. 1966ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಂತೂ ಜೆಕೊಸ್ಲೊವಾಕಿಯಾದ ವನಿತೆಯರ ತಂಡವೇ ಕೂದಲೆಳೆಯ ಅಂತರದಲ್ಲಿ ಸೋವಿಯತ್ ತಂಡವನ್ನು ಮಣಿಸಿತು. ಪುಟ್ಟ ದೇಶವೊಂದು ಬೃಹತ್ ನೆರೆರಾಷ್ಟ್ರವನ್ನು ಅದರದ್ದೇ ಅಖಾಡದಂತಿದ್ದ ಕ್ರೀಡೆಯಲ್ಲಿ ಸೋಲಿಸಿದ್ದು ಬರೀ ಆಟದ ಸುದ್ದಿಯಾಗಿ ಉಳಿಯಲಿಲ್ಲ.

1968ರ ಜನವರಿಯಲ್ಲಿ ಅಲೆಕ್ಸಾಂಡರ್ ಡುಬ್ಚೆಕ್ ಜೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಪಕ್ಷದ ನಾಯಕರಾದರು. ಪತ್ರಿಕೆಗಳ ಮೇಲಿನ ಬಿಗಿ ಸಡಿಲವಾಯಿತು. ಜನ ಬಾಯಿಬಿಟ್ಟು ಮಾತಾಡತೊಡಗಿದರು. ‘ಪ್ರಾಗ್ ವಸಂತ’ ಎಂದು ಇತಿಹಾಸದಲ್ಲಿ ಹೆಸರಾದದ್ದು ಈ ಕೆಲವೇ ತಿಂಗಳುಗಳು. ಜೂನ್ ಕೊನೆಯಲ್ಲಿ ಲೇಖಕ ಲುಡ್ವಿಕ್ ವಾತ್ಸುಲಿಕ್ ಬರೆದ ‘ಎರಡು ಸಾವಿರ ಪದಗಳು’ ಎಂಬ ಪ್ರಣಾಳಿಕೆ ಪ್ರಕಟವಾಯಿತು. ಸುಧಾರಣೆ ನಿಲ್ಲದೆ ಮುಂದುವರಿಯಬೇಕೆಂಬುದು ಅದರ ಒತ್ತಾಯ. ಸಹಿ ಹಾಕಿದವರಲ್ಲಿ ದೂರ ಓಟದ ದಂತಕಥೆ ಎಮಿಲ್ ಜಾಟೊಪೆಕ್ ಇದ್ದರು. ವೆರಾ ಕೂಡ ಇದ್ದರು.

ಆಗಸ್ಟ್ 20ರ ರಾತ್ರಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರರಾಷ್ಟ್ರಗಳ ಟ್ಯಾಂಕುಗಳು ಗಡಿ ದಾಟಿ ಬಂದವು. ಮೆಕ್ಸಿಕೊ ಒಲಿಂಪಿಕ್ಸ್‌ಗೆ ಎರಡು ತಿಂಗಳೂ ಉಳಿದಿರಲಿಲ್ಲ. ಬಂಧನದ ಭೀತಿಯಿಂದ ವೆರಾ ಉತ್ತರ ಮೊರಾವಿಯಾದ ಬೆಟ್ಟಗಾಡಿನಲ್ಲಿ ತಲೆಮರೆಸಿಕೊಂಡರು. ಅಲ್ಲಿ ಬಾರ್ಸ್ ಇಲ್ಲ, ಬೀಮ್ ಇಲ್ಲ. ಮರದ ಕೊಂಬೆಗೆ ಜೋತುಬಿದ್ದು ತೂಗಿದರು, ಆಲೂಗಡ್ಡೆ ಮೂಟೆ ಎತ್ತಿ ಮೈಯ ಕಸುವು ಉಳಿಸಿಕೊಂಡರು, ಸಲಿಕೆ ಹಿಡಿದು ಕಲ್ಲಿದ್ದಲು ಎತ್ತಿಹಾಕಿ ಅಂಗೈ ಗಟ್ಟಿಮಾಡಿಕೊಂಡರು. ಕಡೇ ಗಳಿಗೆಯಲ್ಲಿ ಮೆಕ್ಸಿಕೊಗೆ ಹೋಗಲು ಅನುಮತಿ ದೊರೆಯಿತು.

ಅಲ್ಲಿ ಆಕೆಗೆ ಎದುರಾಗಿದ್ದವರು ಹೊಸ ತಲೆಮಾರಿನ ಸೋವಿಯತ್ ಹುಡುಗಿಯರು. ಡಾರ್ಟ್‌ಮಂಡ್‌ನಲ್ಲಿ ಬಾರ್ಸ್, ಬೀಮ್ ಮತ್ತು ಫ್ಲೋರ್ ಮೂರನ್ನೂ ಗೆದ್ದಿದ್ದ ನತಾಲಿಯಾ ಕುಚಿನ್ಸ್ಕಾಯಾ ಅವರಲ್ಲಿ ಪ್ರಮುಖರು. ವೆರಾಗೆ ಆಗ ಇಪ್ಪತ್ತಾರು ವರ್ಷ. ಆದರೂ ಎಂಬತ್ತಕ್ಕೆ 78.25 ಅಂಕ ಗಳಿಸಿ ಆಲ್‌ರೌಂಡ್ ಪ್ರಶಸ್ತಿ ಉಳಿಸಿಕೊಂಡರು. ಎರಡನೆಯ ಸ್ಥಾನದಲ್ಲಿದ್ದ ಜಿನೈದಾ ವೊರೊನಿನಾ ಪಡೆದದ್ದು 76.85. ಇಷ್ಟು ಅಂತರವಿದ್ದಾಗ ಯಾವ ಪೆನ್ಸಿಲೂ ಏನೂ ಮಾಡುವಂತಿರಲಿಲ್ಲ. ವಾಲ್ಟ್ ಮತ್ತು ಬಾರ್ಸ್ ಕೂಡ ಆಕೆಯವೇ ಆದವು. ಫ್ಲೋರ್‌ಗೆ ಮೆಕ್ಸಿಕೊದ ಜನಪ್ರಿಯ ‘ಹ್ಯಾಟ್ ಡಾನ್ಸ್’ ಸಂಗೀತ ಆರಿಸಿಕೊಂಡಿದ್ದ ಆಕೆಗೆ ಕ್ರೀಡಾಂಗಣವೇ ಒಲಿದಿತ್ತು. ಬೀಮ್‌ನಲ್ಲಿ ಕಡಿಮೆ ಅಂಕ ಕೊಟ್ಟರೆಂದು ಪ್ರೇಕ್ಷಕರು ಕೂಗೆಬ್ಬಿಸಿದಾಗ ತೀರ್ಪುಗಾರರು ಅದನ್ನು ಏರಿಸಬೇಕಾಯಿತು.

ಆದರೆ ಅಂತಿಮವಾಗಿ ಬೀಮ್‌ನ ಸ್ವರ್ಣ ಕುಚಿನ್ಸ್ಕಾಯಾ ಪಾಲಾಗಿ, ವೆರಾಗೆ ರಜತ ಬಂತು. ಫ್ಲೋರ್‌ನಲ್ಲಿ ಸೋವಿಯತ್ ಆಟಗಾರ್ತಿ ಲರಿಸಾ ಪೆಟ್ರಿಕ್ ಅವರ ಮೊದಲ ಸುತ್ತಿನ ಅಂಕವನ್ನು ಆಮೇಲೆ ಏರಿಸಲಾಗಿ, ಇಬ್ಬರೂ ಸಮನಾಗಿ ಸ್ವರ್ಣ ಹಂಚಿಕೊಳ್ಳುವಂತಾಯಿತು. ಎರಡೂ ಪದಕ ಪ್ರದಾನಗಳಲ್ಲಿ ಸೋವಿಯತ್ ರಾಷ್ಟ್ರಗೀತೆ ಮೊಳಗಿದಾಗ ವೆರಾ ತಲೆ ತಗ್ಗಿಸಿ ಬಲಕ್ಕೆ ಮುಖ ತಿರುಗಿಸಿ ನಿಂತರು. ಕೂಗಿಲ್ಲ, ಘೋಷಣೆಯಿಲ್ಲ. ಅದೇ ಒಲಿಂಪಿಕ್ಸ್‌ನಲ್ಲಿ ಕೆಲವೇ ದಿನಗಳ ಹಿಂದೆ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಮುಷ್ಟಿ ಎತ್ತಿ ಪ್ರತಿಭಟಿಸಿದ್ದು ಇಂದಿಗೂ ಎಲ್ಲರ ನೆನಪಿನಲ್ಲಿದೆ. ವೆರಾ ಪ್ರತಿಭಟನೆ ಅಷ್ಟು ಎದ್ದು ಕಾಣುವಂಥದ್ದಲ್ಲ. ಆದರೆ ಅದರ ಅರ್ಥ ತಲುಪಬೇಕಾದವರಿಗೆ ತಲುಪಿತ್ತು.

ಸ್ಪರ್ಧೆಗಳು ಮುಗಿದ ಮರುದಿನ ಮೆಕ್ಸಿಕೊ ನಗರದ ಚರ್ಚಿನಲ್ಲಿ ಆಕೆಯ ಮದುವೆ ನಡೆಯಿತು. ವರ, ಟೋಕಿಯೊದ 1500 ಮೀಟರ್ ಓಟದಲ್ಲಿ ರಜತ ಗೆದ್ದಿದ್ದ ಸ್ವದೇಶದ ಜೋಸೆಫ್ ಒಡ್ಲೊಜಿಲ್. ನವದಂಪತಿಯನ್ನು ನೋಡಲು ಜನಸಾಗರವೇ ನೆರೆದಿತ್ತು. ಹೊರದೇಶದಲ್ಲೇ ಉಳಿದುಬಿಡಬಹುದಿತ್ತು, ಆದರೆ ಆಕೆ ಪ್ರಾಗ್‌ಗೆ ಮರಳಿದರು. ತಾವು ಗೆದ್ದ ಸ್ವರ್ಣ ಪದಕಗಳನ್ನು ಡುಬ್ಚೆಕ್ ಮತ್ತು ಅವರ ಸಂಗಡಿಗರಿಗೆ ಅರ್ಪಿಸಿದರು.

ವರ್ಷ ಕಳೆಯುವುದರೊಳಗೆ ಡುಬ್ಚೆಕ್ ಅಧಿಕಾರ ಹೋಯಿತು. ಹೊಸ ಆಡಳಿತ ಪ್ರಣಾಳಿಕೆಗೆ ಸಹಿ ಹಾಕಿದವರನ್ನು ಕರೆದು, ಸಹಿ ಹಿಂಪಡೆಯಿರಿ ಎಂದಿತು. ವೆರಾ ಒಪ್ಪಲಿಲ್ಲ. ಅದರ ಬೆಲೆ ಸಣ್ಣದಾಗಿರಲಿಲ್ಲ. ಏಳು ಸ್ವರ್ಣ ಗೆದ್ದವರಿಗೆ ಅದೇ ಕ್ರೀಡೆಯಲ್ಲಿ ಕೆಲಸವಿಲ್ಲ, ವಿದೇಶ ಪ್ರಯಾಣಕ್ಕೆ ತಡೆ. ವರ್ಷಗಳ ನಂತರವಷ್ಟೇ ತರಬೇತಿ ನೀಡಲು ಅವಕಾಶ ಸಿಕ್ಕಿತು. 1979ರಿಂದ ಎರಡು ವರ್ಷ ಮೆಕ್ಸಿಕೊದಲ್ಲಿ ತರಬೇತುದಾರರಾಗಿ ದುಡಿದರು. ಇತ್ತ ಅವರ ಕ್ರೀಡೆಯೂ ಬದಲಾಗಿತ್ತು. 1972ರಲ್ಲಿ ಹದಿನೇಳರ ಓಲ್ಗಾ ಕೊರ್ಬುಟ್, 1976ರಲ್ಲಿ ಹದಿನಾಲ್ಕರ ನಾಡಿಯಾ ಕೊಮನೇಚಿ ಜಗತ್ತಿನ ಕಣ್ಮಣಿಗಳಾದರು. ಪ್ರಾಯದ ಮಹಿಳೆಯರ ಲಾಲಿತ್ಯದ ಕಲೆಯಾಗಿದ್ದ ಜಿಮ್ನಾಸ್ಟಿಕ್ಸ್ ಬಾಲೆಯರ ಸಾಹಸವಾಯಿತು.

1989ರಲ್ಲಿ ರಕ್ತಪಾತವಿಲ್ಲದ ಕ್ರಾಂತಿಯಿಂದ ಆಡಳಿತ ಉರುಳಿತು. ಅಧ್ಯಕ್ಷರಾದ ನಾಟಕಕಾರ ವಾಕ್ಲಾವ್ ಹಾವೆಲ್ ವೆರಾ ಅವರನ್ನು ಸಲಹೆಗಾರರನ್ನಾಗಿ ನೇಮಿಸಿಕೊಂಡರು. ದೇಶದ ಒಲಿಂಪಿಕ್ ಸಮಿತಿಗೂ ಅವರು ಅಧ್ಯಕ್ಷರಾದರು. ಮುಂದೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯತ್ವವೂ ಬಂತು. ಆದರೆ 1993ರಲ್ಲಿ ಕುಟುಂಬದೊಳಗಿನ ದುರಂತವೊಂದರಲ್ಲಿ ವಿಚ್ಛೇದಿತ ಪತಿ ಒಡ್ಲೊಜಿಲ್ ಸಾವಿಗೀಡಾದರು. ಆ ಆಘಾತ ಅವರನ್ನು ಖಿನ್ನತೆಗೆ ತಳ್ಳಿ, ಹಲವು ವರ್ಷ ಸಾರ್ವಜನಿಕ ಬದುಕಿನಿಂದಲೇ ದೂರ ಮಾಡಿತು. ಚೇತರಿಸಿಕೊಂಡು ಮತ್ತೆ ಜನರ ನಡುವೆ ಬಂದ ವೆರಾ 2016ರ ಆಗಸ್ಟ್ 30ರಂದು, 74ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಏಳು ಸ್ವರ್ಣ, ನಾಲ್ಕು ರಜತ ಎಂದು ದಾಖಲೆ ಪುಸ್ತಕ ಅವರನ್ನು ನೆನೆಯುತ್ತದೆ. ಆಲ್‌ರೌಂಡ್ ಹಾಗೂ ನಾಲ್ಕೂ ವಿಭಾಗಗಳಲ್ಲಿ ಒಲಿಂಪಿಕ್ ಸ್ವರ್ಣ ಗೆದ್ದ ಏಕೈಕ ಮಹಿಳೆ ಅವರು. ಆದರೆ ಪದಕಗಳ ಅಂಕವನ್ನು ಬರೆದದ್ದು ಬೇರೆಯವರ ಪೆನ್ಸಿಲು. ಇಪ್ಪತ್ತು ವರ್ಷ ಎಷ್ಟೇ ಒತ್ತಡ ಬಂದರೂ ಹಿಂಪಡೆಯದೆ ಉಳಿಸಿಕೊಂಡ ಆ ಒಂದು ಸಹಿ ಮಾತ್ರ ವೆರಾ ಅವರ ಸ್ವಂತ ಕೈಬರಹ.