ಆಧಾರ ಶ್ರುತಿ ಮತ್ತು ವಾದ್ಯಗಳ ಮೇಳ: ದುಬೈ–ಅಬುಧಾಬಿಯ ಸಂದರ್ಭ

ಮೇಳದಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಬಾಗುತ್ತದೆಯೋ ಅದೇ ಆಧಾರ ಶ್ರುತಿಯನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ. ಯಕ್ಷಗಾನದಲ್ಲಿ ಅದು ಭಾಗವತರ ಶಾರೀರ. ಅವರು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ‘ಕಪ್ಪು ಎರಡು’ ಎಂದರೆ ಮದ್ದಳೆಯ ಬಲ ಮುಚ್ಚಿಗೆ ಅಲ್ಲಿಗೇ ಕೂಡಬೇಕು. ಪಾಶ್ಚಾತ್ಯ ವೃಂದದಲ್ಲಿ ಪಿಯಾನೊ ಇದ್ದರೆ ಆ ಸ್ಥಾನ ಅದರದ್ದು. ಅದರ ಇನ್ನೂರಕ್ಕೂ ಹೆಚ್ಚು ತಂತಿಗಳನ್ನು ಕಛೇರಿಯ ಹೊತ್ತಿಗೆ ಯಾರೂ ಬದಲಿಸಲಾರರು.

1859ರಲ್ಲಿ ಫ್ರಾನ್ಸ್ ‘ಎ’ ಸ್ವರಕ್ಕೆ ಸೆಕೆಂಡಿಗೆ 435 ಕಂಪನ ಎಂದು ಗೊತ್ತುಪಡಿಸಿತು. 1939ರ ಲಂಡನ್ ಸಭೆ 440ನ್ನು ಒಪ್ಪಿತು. 1955ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ತಂತಿಯ ಕಂಪನ ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ ಆ ಐದು ಕಂಪನಕ್ಕೆ ಬಿಗಿತ ಶೇ. 2.3ರಷ್ಟು ಏರಬೇಕು. ವೀಣೆಯನ್ನು ಬಿಳಿ ಎರಡರಿಂದ ಬಿಳಿ ಮೂರಕ್ಕೆ ಏರಿಸಿದರೆ ಅದೇ ತಂತಿ ಶೇ. 26ರಷ್ಟು ಹೆಚ್ಚು ಬಿಗಿತ ತಾಳಬೇಕು. ಎತ್ತರದ ಶ್ರುತಿಯ ಗಾಯಕಿಗೆ ವೀಣೆ ಸುಲಭವಾಗಿ ಜೊತೆಗೂಡದಿರುವುದಕ್ಕೆ ಇದೇ ಮುಖ್ಯ ಕಾರಣ.

ಬಾಗುವ, ಬಾಗದ ವಾದ್ಯಗಳ ಈ ಭೇದ ಅರಬ್ ಸಂಗೀತದಲ್ಲೂ ಇದೆ. ಇರಾಕಿನ ಊದ್ ವಾದಕ ನಸೀರ್ ಶಮ್ಮ 2008ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಸಂಗೀತಶಾಲೆ ಬೈತ್ ಅಲ್ ಊದ್‌ನಲ್ಲಿ ಊದ್, ಕಾನೂನ್ ಎಂಬ ತಂತಿವಾದ್ಯಗಳನ್ನು ಕಲಿಸುತ್ತಾರೆ. ಊದ್‌ಗೆ ಮೆಟ್ಟಿಲಿಲ್ಲ, ಆಧಾರ ಸರಿದರೂ ಬೆರಳು ಸ್ವರಸ್ಥಾನ ಹುಡುಕಿಕೊಳ್ಳುತ್ತದೆ. ಕಾನೂನ್‌ನ ಎಪ್ಪತ್ತಕ್ಕೂ ಹೆಚ್ಚು ತಂತಿಗಳನ್ನಾದರೋ ಒಂದೊಂದಾಗಿ ಶ್ರುತಿ ಮಾಡಬೇಕು. ಎಕ್ಸ್‌ಪೋ 2020ಕ್ಕಾಗಿ ಎ. ಆರ್. ರೆಹಮಾನ್ ಮಾರ್ಗದರ್ಶನದಲ್ಲಿ ರೂಪುಗೊಂಡ ಮಹಿಳೆಯರ ಫಿರ್ದೌಸ್ ವಾದ್ಯವೃಂದದಲ್ಲಿ ಅರಬ್ ಮತ್ತು ಪಾಶ್ಚಾತ್ಯ ವಾದ್ಯಗಳು ಒಟ್ಟಿಗೆ ಕೂತವು. ಇಂಥಲ್ಲಿ 440 ಅಡಿಪಾಯವನ್ನಷ್ಟೇ ಒದಗಿಸುತ್ತದೆ. ಅರಬ್ ರಾಗಗಳಾದ ಮಕಾಮ್‌ಗಳ ಮುಕ್ಕಾಲು ಸ್ವರ ಪಿಯಾನೊದಲ್ಲಿ ಇಲ್ಲವೇ ಇಲ್ಲ. ಪಿಯಾನೊವನ್ನು ಒಳಗೆ ಬಿಟ್ಟುಕೊಳ್ಳಬೇಕೇ ಎಂದು 1932ರ ಕೈರೋ ಅರಬ್ ಸಂಗೀತ ಸಮ್ಮೇಳನದಲ್ಲೇ ವಾದ ನಡೆದಿತ್ತು. ನಮ್ಮ ಕಥೆಯೂ ಹತ್ತಿರದ್ದೇ. ಷಡ್ಜ ಒಂದೇ ಆದರೂ ತಂಬೂರಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರರಲ್ಲಿ 14 ಭಾಗ) ಕೆಳಗಿರುತ್ತದೆ. ಆಧಾರ ಶ್ರುತಿ ಕೂಡಿತೆಂದ ಮಾತ್ರಕ್ಕೆ ಸ್ವರಾಂತರ ಕೂಡಿತೆಂದಲ್ಲ. ಈ ಎರಡನ್ನು ಬೆರೆಸುವುದು ನಮ್ಮ ಚರ್ಚೆಗಳ ದೊಡ್ಡ ದೋಷ.

ಕೊಲ್ಲಿಯ ಹವೆಯದು ಇನ್ನೊಂದು ಪೀಡೆ. ಹೊರಗೆ 40 ಡಿಗ್ರಿ, ಸಭಾಂಗಣದಲ್ಲಿ 22. ಗಾಳಿಯಲ್ಲಿ ಶಬ್ದವೇಗ ಇವೆರಡರ ನಡುವೆ ಶೇ. 3ರಷ್ಟು ಬದಲಾಗುತ್ತದೆ, ಕೊಳಲಿಗೆ ಇದು ಲೆಕ್ಕದಲ್ಲಿ ಅರ್ಧ ಸ್ವರದ ಅರ್ಧ ಭಾಗ. ಉಸಿರಿನ ಬಿಸಿಯಿಂದ ನಿಜವಾದ ಅಂತರ ಇದಕ್ಕಿಂತ ಕಡಿಮೆ. ಲೋಹದ ತಂತಿ ತಣಿದಾಗ ಏರುತ್ತದೆ, ಕೊಳಲು ಇಳಿಯುತ್ತದೆ. ಕರಾವಳಿಯ ತೇವದಲ್ಲಿ ಸಡಿಲಗೊಂಡ ಚರ್ಮ ಎ.ಸಿ.ಯ ಒಣಗಾಳಿಗೆ ಬಿಗಿದು ಏರುತ್ತದೆ. ಒಂದೇ ವೇದಿಕೆಯಲ್ಲಿ ಮೂರು ವಾದ್ಯ ಎರಡು ದಿಕ್ಕಿಗೆ ಸರಿಯುವಾಗ ನೇಪಥ್ಯದಲ್ಲಿ ಕೂಡಿಸಿದ ಶ್ರುತಿ ಉಳಿಯುವುದಿಲ್ಲ.

ಎಮಿರೇಟ್ಸ್‌ನ ಕನ್ನಡ ಸಂಘಟಕರಲ್ಲಿ ವಿನಂತಿ: ಹಾಡುವವರ ಶ್ರುತಿಯನ್ನು ಮೊದಲೇ ಕೇಳಿ ಅದಕ್ಕೆ ಹೊಂದುವ ಮೃದಂಗ, ಮದ್ದಳೆ, ಕೊಳಲುಗಳನ್ನೇ ತರಿಸಿ. ವಾದ್ಯಗಳನ್ನು ತಣಿದ ವೇದಿಕೆಯ ಮೇಲೆ ಸಾಕಷ್ಟು ಹೊತ್ತು ಇಟ್ಟ ಬಳಿಕವೇ ಶ್ರುತಿ ಮಾಡಲು ಕಲಾವಿದರಿಗೆ ಸಮಯ ಕೊಡಿ.