ತೂತುಗಳಲ್ಲಿ ಬರೆದ ಉತ್ತರಗಳು

1880ರ ಜನಗಣತಿಯ ಉತ್ತರಗಳನ್ನು ಕೈಯಲ್ಲೇ ಎಣಿಸಿ ಮುಗಿಸಲು ಅಮೆರಿಕದ ಗುಮಾಸ್ತರಿಗೆ ಏಳೆಂಟು ವರ್ಷ ಹಿಡಿಯಿತು. ಜನಸಂಖ್ಯೆ ಏರುತ್ತಲೇ ಇತ್ತು. ಒಂದು ಗಣತಿಯ ಲೆಕ್ಕ ಮುಗಿಯುವ ಮೊದಲೇ ಮುಂದಿನದು ಬಂದುಬಿಡುವ ಆತಂಕ ಅಧಿಕಾರಿಗಳನ್ನು ಕಾಡತೊಡಗಿತು.

ಅದೇ ಗಣತಿಯಲ್ಲಿ ದುಡಿದಿದ್ದ ತರುಣ ಎಂಜಿನಿಯರ್ ಹರ್ಮನ್ ಹಾಲರಿತ್ ಉಪಾಯ ಕಂಡುಹಿಡಿದ. ಒಬ್ಬ ವ್ಯಕ್ತಿಗೆ ಒಂದು ಕಾರ್ಡು. ವಯಸ್ಸು, ಲಿಂಗ, ಜನ್ಮಸ್ಥಳ, ಉದ್ಯೋಗ ಹೀಗೆ ಪ್ರತಿ ಉತ್ತರಕ್ಕೂ ಕಾರ್ಡಿನಲ್ಲಿ ಗೊತ್ತುಮಾಡಿದ ಜಾಗ. ಆ ಜಾಗದಲ್ಲಿ ಒಂದು ತೂತು. ಪ್ರಶ್ನೆ ಕೇಳುವ ಮೊದಲೇ ಉತ್ತರ ಎಲ್ಲಿ ಕೂರಬೇಕೆಂದು ತೀರ್ಮಾನಿಸಿದ್ದೇ ಅವನ ಜಾಣ್ಮೆ. ಇಂದಿನ ಡೇಟಾಬೇಸ್‌ನ ಸಾಲು, ಕಾಲಮ್ಮುಗಳ ಹಿಂದಿರುವುದೂ ಇದೇ ಯೋಚನೆ.

ಕಾರ್ಡನ್ನು ಯಂತ್ರದಲ್ಲಿಟ್ಟು ಹಿಡಿಕೆ ಒತ್ತಿದರೆ ಸ್ಪ್ರಿಂಗ್ ಕಟ್ಟಿದ ಕಡ್ಡಿಗಳ ಸಾಲು ಕೆಳಗಿಳಿಯುತ್ತಿತ್ತು. ತೂತಿದ್ದಲ್ಲಿ ಮಾತ್ರ ಕಡ್ಡಿ ಒಳನುಗ್ಗಿ, ಕೆಳಗಿನ ಪುಟ್ಟ ಬಟ್ಟಲಿನ ಪಾದರಸವನ್ನು ಮುಟ್ಟುತ್ತಿತ್ತು. ವಿದ್ಯುತ್ ಹರಿದು ಎದುರಿನ ಮುಖಫಲಕದ ಮುಳ್ಳು ಒಂದು ಅಂಕಿ ಮುಂದೆ ಸರಿಯುತ್ತಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ಸರಿಯಾದ ಖಾನೆಯ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತಿತ್ತು. ಗುಮಾಸ್ತೆ ಕಾರ್ಡನ್ನು ಅದರೊಳಗೆ ಹಾಕಿ ಮುಂದಿನದನ್ನು ಕೈಗೆತ್ತಿಕೊಳ್ಳುತ್ತಿದ್ದಳು.

ಈ ಯಂತ್ರ ಬಳಸಿದ 1890ರ ಗಣತಿಯಲ್ಲಿ ಸುಮಾರು 6.26 ಕೋಟಿ ಜನರ ಒಟ್ಟು ಲೆಕ್ಕ ಕೆಲವೇ ವಾರಗಳಲ್ಲಿ ಸಿಕ್ಕಿತು.

ಹಾಲರಿತ್ 1896ರಲ್ಲಿ ಸ್ವಂತ ಕಂಪನಿ ತೆರೆದ. 1911ರಲ್ಲಿ ಅದು ಇತರ ಕಂಪನಿಗಳೊಂದಿಗೆ ವಿಲೀನವಾಯಿತು. ಹಾಗೆ ಹುಟ್ಟಿದ ಸಂಸ್ಥೆಯೇ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.